ಕಾಡು ‘ಬಾ’ ಅಂತೈತಿ, ಹೋಗೋಣವೇ?

‘ಊರು ಹೋಗು ಅಂತೈತಿ, ಕಾಡು ಬಾ ಅಂತೈತಿ.’

ವಯಸ್ಸಾದವರ ಬಗ್ಗೆ ನಮ್ಮ ಕಡೆ ಆಡುವ ಗಾದೆ ಇದು. ನನಗೂ ಎಪ್ಪತ್ತು ದಾಟಿರುವುದರಿಂದ ಆಗಾಗ ನಾನೇ ಹೇಳಿಕೊಂಡು ನಗುವುದುಂಟು. ಗಾದೆಯಲ್ಲಿ ಬರುವ ಕಾಡು ಎಂದರೆ ಸುಡುಗಾಡು ಎಂದು ದೊಡ್ಡವರಿಗೆಲ್ಲ ಗೊತ್ತು. ಐದನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗನಿಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ ಹತ್ತು ಗಾದೆ ಬರೆದುಕೊಂಡು ಬರಲು ಹೇಳಿದ್ದರು. ನಾನು ಹೇಳಿದ ಈ ಗಾದೆಯನ್ನು ಬರೆದುಕೊಂಡವನೇ ತಲೆ ಎತ್ತಿ ಕೇಳಿದ:

“ಕಾಡು ಬಾ ಅಂದ್ರ ಚೊಲೋನ ಆತಲ್ಲಜ್ಜ. ಮತ್ತ ನಾವ್ಯಾಕ ಒಮ್ಮೆನೂ ಹೋಗಿಲ್ಲ?”

ನನ್ನ ಹತ್ತಿರ ಉತ್ತರವಿರಲಿಲ್ಲ. ಬ್ಯಾಂಕಿನಲ್ಲಿ ಕುರ್ಚಿಗೆ ಅಂಟಿಕೊಂಡು ಆಯುಷ್ಯ ಕಳೆದವನು ನಾನು. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ದಿನಾ ಅರ್ಧ ತಾಸು ನಡೆಯಲು ಹೇಳಿದರು. ಅಂದಿನಿಂದ ಹೈಸ್ಕೂಲ್ ಮೈದಾನವನ್ನು ಗಾಣದ ಎತ್ತಿನಂತೆ ಸುತ್ತುತ್ತಿದ್ದೇನೆ. ಗಿಡಮರಗಳ ನಡುವೆ ಹೋಗಿ ನಡೆಯಬಹುದೆಂದು ಒಂದು ದಿನವೂ ಹೊಳೆದಿರಲಿಲ್ಲ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಒಂದೇ ರೈಲು ಹಳಿಯ ಮೇಲಿನ ಊರುಗಳು. ಮೂರು ಕಡೆಯೂ ನನಗೆ ಬಳಗವಿದೆ, ಹಳೆಯ ಗೆಳೆಯರಿದ್ದಾರೆ. ಮೊಮ್ಮಗನ ಮಾತು ತಲೆಯಲ್ಲಿ ಕುಳಿತ ಮೇಲೆ ಮದುವೆ, ಮುಂಜಿವೆ, ಜಾತ್ರೆ ಎಂದು ಹೋದಲ್ಲೆಲ್ಲ ಒಂದೇ ಪ್ರಶ್ನೆ ಕೇಳತೊಡಗಿದೆ: “ಕೆಲಸ ಇಲ್ಲದ, ಸುಮ್ನ ಅಡ್ಡಾಡಾಕಂತ ಕಾಡಿಗೆ ಹೋಗ್ತೀರೇನು?”

ಕೇಳಿದವರಲ್ಲಿ ಬಹಳ ಮಂದಿ ನನ್ನ ಮುಖ ನೋಡಿದರು. ಮನೆಯಲ್ಲಿ ಏನಾದರೂ ಜಗಳವಾಗಿದೆಯೇ ಎಂದು ಒಬ್ಬರು ವಿಚಾರಿಸಿದರು.

ಕೆಲಸದ ಕಾಡು

ಮೊದಲ ಉತ್ತರ ಸಿಕ್ಕಿದ್ದು ಮನೆಯಲ್ಲೇ. ನನ್ನ ಹೆಂಡತಿ ಬ್ಯಾಡಗಿ ಕಡೆಯ ಹಳ್ಳಿಯವಳು. “ಕಟ್ಟಿಗಿ ಹೊರಿ ಹೊತ್ತು ಬೆನ್ನು ಬಗ್ಗಿದ್ದು ಸಾಲದೇನು? ಈಗ ಮತ್ತ ಅಲ್ಲಿಗೆ ಅಡ್ಡಾಡಾಕ ಹೋಗಬೇಕಾ?” ಎಂದಳು. ಅವಳು ಹುಡುಗಿಯಾಗಿದ್ದಾಗ ಸೂರ್ಯ ಹುಟ್ಟುವ ಮೊದಲೇ ಅವ್ವನ ಜೋಡಿ ಗುಡ್ಡಕ್ಕೆ ಹೋಗಿ, ಒಣಕಟ್ಟಿಗೆ ಆರಿಸಿ, ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ತರಬೇಕಿತ್ತು. ಗ್ಯಾಸ್ ಸಿಲಿಂಡರ್ ಬಂದ ದಿನ ಕಾಡಿನ ಋಣ ತೀರಿತು ಎಂದುಕೊಂಡವಳು ಆಕೆ.

ಆಲೋಚಿಸಿ ನೋಡಿದರೆ ನಮ್ಮ ಹಿರಿಯರಿಗೆಲ್ಲ ಕಾಡು ಹೀಗೆಯೇ ಇತ್ತು. ದನ ಮೇಯಿಸಲು, ಹುಲ್ಲು ಕೊಯ್ಯಲು, ನೇಗಿಲಿಗೆ ಕಟ್ಟಿಗೆ ತರಲು, ಬಾರಿಹಣ್ಣು ಕವಳಿಹಣ್ಣು ಆರಿಸಲು ಅಲ್ಲಿಗೆ ಹೋಗುತ್ತಿದ್ದರು. ಕಂಬಳಿ ಹೊದ್ದ ಕುರಿಗಾಹಿಗೆ ಅದೇ ಕಚೇರಿ. ದಿನವಿಡೀ ಹೊಲದಲ್ಲಿ ದುಡಿದವನಿಗೆ ಬೇರೆ ವ್ಯಾಯಾಮ ಏತಕ್ಕೆ? ಬೇಕೆಂದವರಿಗೆ ಊರಲ್ಲಿ ಗರಡಿಮನೆ ಇತ್ತು. ಕೆಂಪು ಮಣ್ಣಿನಲ್ಲಿ ಸಾಮು ತೆಗೆದು, ಕುಸ್ತಿ ಹಿಡಿದು, ಬೆವರು ಹರಿಸಿ ಮನೆಗೆ ಬರುತ್ತಿದ್ದರು.

ಕೆಲಸದ ಜೊತೆಗೆ ಹೆದರಿಕೆಯೂ ಇತ್ತು. ತೋಳ ಬರುತ್ತದೆ, ಹಾವು ಕಡಿಯುತ್ತದೆ, ಹುಣಸೆಮರದಲ್ಲಿ ದೆವ್ವ ಇದೆ ಎಂದು ಹೇಳಿ ಮಕ್ಕಳನ್ನು ಒಳಗೆ ಕರೆಯುತ್ತಿದ್ದರು. ದೆವ್ವದ ಮಾತು ಬಿಡಿ. ತೋಳಗಳು ಮಾತ್ರ ನಮ್ಮ ಸೀಮೆಯಲ್ಲಿ ನಿಜವಾಗಿಯೂ ಇದ್ದವು, ರಾಣೆಬೆನ್ನೂರು ಕಡೆ ಈಗಲೂ ಇವೆ.

ಹಬ್ಬ ಕರೆದಾಗ ಹೋಗುತ್ತಿದ್ದೆವು

ಹಾಗಾದರೆ ನಮ್ಮವರು ಮರದ ನೆರಳಲ್ಲಿ ಸುಮ್ಮನೆ ಕೂರಲೇ ಇಲ್ಲವೇ? ಈ ಪ್ರಶ್ನೆ ಕೇಳಿದಾಗ ಹೆಂಡತಿಯ ಮುಖ ಅರಳಿತು.

ಶೀಗಿ ಹುಣ್ಣಿಮೆಗೆ, ಎಳ್ಳ ಅಮಾವಾಸ್ಯೆಗೆ ಚಕ್ಕಡಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಿದ್ದರು. ಭೂಮಿತಾಯಿಗೆ ಎಡೆ ಹಿಡಿದು, ಬನ್ನಿಮರದ ಕೆಳಗೋ ಬೇವಿನ ಕೆಳಗೋ ಕುಳಿತು ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಊಟ. ನಾಗರ ಪಂಚಮಿಗೆ ಗಟ್ಟಿ ಕೊಂಬೆ ಹುಡುಕಿ ಜೋಕಾಲಿ. ಕಾರ್ತಿಕದಲ್ಲಿ ನೆಲ್ಲಿಮರದ ಕೆಳಗೆ ವನಭೋಜನ. ದಸರೆಗೆ ಊರ ಹೊರಗಿನ ಬನ್ನಿಮರದವರೆಗೆ ನಡಿಗೆ. ಜಾತ್ರೆಗೆ ಪಾದಯಾತ್ರೆ.

ನೋಡಿ, ವ್ಯಾಯಾಮ ಎಂಬ ಹೆಸರಿರಲಿಲ್ಲ, ಅಷ್ಟೇ. ನಡಿಗೆ, ಜೀಕುವುದು, ಓಡುವುದು, ಮರ ಹತ್ತುವುದು ಎಲ್ಲವೂ ಹಬ್ಬದೊಳಗೇ ಇದ್ದವು. ಕಾರಣವಿಲ್ಲದೆ ಹೋದರೆ ‘ಕೆಲಸಗೇಡಿ’ ಎನ್ನುತ್ತಿದ್ದ ಊರು, ದೇವರ ಹೆಸರಿನಲ್ಲಿ ಹೋದರೆ ಬುತ್ತಿ ಕಟ್ಟಿ ಕಳಿಸುತ್ತಿತ್ತು. ಈಗ ಚಕ್ಕಡಿ ಹೋಯಿತು. ಹೊಲ ಇರುವವರೂ ಚರಗಕ್ಕೆ ಬೈಕಿನಲ್ಲಿ ಹೋಗಿ ಅರ್ಧ ತಾಸಿನಲ್ಲಿ ಮರಳಿ ಬರುತ್ತಾರೆ. ಪೇಟೆಯ ಮಕ್ಕಳಿಗಂತೂ ಅದೂ ಇಲ್ಲ.

ಮಕ್ಕಳ ದಿನದಂದು ಒಂದು ಸತ್ಯಾಗ್ರಹ

ಕೆಲಸಕ್ಕಾಗಿಯೇ ಹೋಗುತ್ತಿದ್ದರು ಎಂದ ಮಾತ್ರಕ್ಕೆ ನಮ್ಮ ಜನರಿಗೆ ಕಾಡಿನ ಮೇಲೆ ಪ್ರೀತಿ ಇರಲಿಲ್ಲ ಎನ್ನುವಂತಿಲ್ಲ. ಈ ಜಿಲ್ಲೆಯ ಮಕ್ಕಳೆಲ್ಲ ತಿಳಿದಿರಬೇಕಾದ ಒಂದು ಘಟನೆ ಇದೆ.

1980ರ ದಶಕದಲ್ಲಿ ಕಾಗದ ಮತ್ತು ನೂಲಿನ ಕಾರ್ಖಾನೆಗಳಿಗೆ ಬೇಕಾದ ಮರ ಬೆಳೆಯಲೆಂದು ಹಳ್ಳಿಗಳ ಸುತ್ತಲಿನ ಸರಕಾರಿ ಭೂಮಿಯಲ್ಲಿ ನೀಲಗಿರಿ ಗಿಡ ನೆಡುವ ಯೋಜನೆ ಬಂತು. ನೀಲಗಿರಿ ಬೇಗ ಬೆಳೆಯುತ್ತದೆ, ನಿಜ. ಆದರೆ ಅದರ ಎಲೆಯನ್ನು ದನ ತಿನ್ನುವುದಿಲ್ಲ, ಅದರಲ್ಲಿ ತಿನ್ನುವ ಹಣ್ಣು ಬಿಡುವುದಿಲ್ಲ. ದನ ಮೇಯುತ್ತಿದ್ದ, ಕಟ್ಟಿಗೆ ಸಿಗುತ್ತಿದ್ದ ಜಾಗವೆಲ್ಲ ನೀಲಗಿರಿ ತೋಪಾದರೆ ಬಡವರ ಗತಿ ಏನು?

ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಜೊತೆ ಹಳ್ಳಿಗರು ಒಂದಾದರು. 1987ರ ನವೆಂಬರ್ 14ರಂದು, ಅಂದರೆ ಮಕ್ಕಳ ದಿನಾಚರಣೆಯಂದೇ, ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಜನರಿಗೆ ಉಪಯೋಗವಾಗುವ ಸಸಿಗಳನ್ನು ಹಚ್ಚಿದರು. ಆಗ ನಮ್ಮದು ಧಾರವಾಡ ಜಿಲ್ಲೆ. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಮುಂದೆ ನ್ಯಾಯಾಲಯದವರೆಗೂ ಹೋರಾಟ ನಡೆದು, 1991ರಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು.

ಆ ಜನ ಕೇಳಿದ್ದು ವಾಕಿಂಗಿಗೆ ಜಾಗವನ್ನಲ್ಲ, ಬದುಕಿಗೆ ಬೇಕಾದ ಕಾಡನ್ನು. ಇಂದು ನಾವು ನೆರಳಿಗೆ, ಗಾಳಿಗೆ, ಆರೋಗ್ಯಕ್ಕೆ ಎಂದು ಮರಗಳನ್ನು ಹುಡುಕುವಾಗ ಅವರನ್ನು ನೆನೆಯಬೇಕು.

ರಾಣೆಬೆನ್ನೂರಿನಲ್ಲಿ ನಾನು ಮಾಡಿದ ತಪ್ಪು

ಇಷ್ಟೆಲ್ಲ ವಿಚಾರಿಸಿದ ಮೇಲೆ ಒಂದು ಭಾನುವಾರ ಮೊಮ್ಮಕ್ಕಳನ್ನು ಕರೆದುಕೊಂಡು ರಾಣೆಬೆನ್ನೂರಿಗೆ ಹೊರಟೆವು. ಅಲ್ಲಿರುವುದು ಕೃಷ್ಣಮೃಗ ಅಭಯಾರಣ್ಯ. 1974ರಲ್ಲಿ ಘೋಷಿಸಿದ್ದು, 119 ಚದರ ಕಿಲೋಮೀಟರ್ ವಿಸ್ತಾರ. ಕೃಷ್ಣಮೃಗವನ್ನು ನಾವು ಚಿಗರಿ ಎನ್ನುತ್ತೇವೆ. ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಬಸ್ಸಿಗೂ ಇದೇ ಹೆಸರು. ಗಂಡಿನ ಮೈ ಮೇಲೆ ಕಪ್ಪು, ಹೊಟ್ಟೆ ಬಿಳುಪು, ಕೋಡು ಸ್ಕ್ರೂ ಮೊಳೆಯಂತೆ ತಿರುಚಿಕೊಂಡಿರುತ್ತದೆ. ಹೆಣ್ಣು ಕಂದು ಬಣ್ಣದ್ದು.

ನಮ್ಮ ಕಾಡು ಮಲೆನಾಡಿನ ದಟ್ಟ ಕಾಡಲ್ಲ. ಜಾಲಿ, ಕಾರೆ, ತಂಗಡಿ, ನಡುನಡುವೆ ಹುಲ್ಲು, ಹಿಂದೆ ನೆಟ್ಟ ನೀಲಗಿರಿ. “ಇದೇನು ಕಾಡು, ಬರೇ ಮುಳ್ಳು” ಎಂದು ಮೂಗು ಮುರಿಯುವವರೇ ಹೆಚ್ಚು. ಚಿಗರಿಗೆ ಬೇಕಾದದ್ದು ಇದೇ. ದೂರದವರೆಗೆ ಕಣ್ಣು ಹಾಯಬೇಕು, ಅಪಾಯ ಕಂಡರೆ ಓಡಲು ಬಯಲು ಬೇಕು. ಹಿಂದೆ ಇದೇ ಬಯಲಿನಲ್ಲಿ ಎರೆಭೂತ ಎಂಬ ಸುಮಾರು ಒಂದು ಮೀಟರ್ ಎತ್ತರದ ದೊಡ್ಡ ಹಕ್ಕಿಯೂ ಇತ್ತು.

ಅಂಚಿನ ರಸ್ತೆಯಲ್ಲಿ ಹೋಗುವಾಗ ಹೊಲದ ಆಚೆ ಒಂದು ಹಿಂಡು ಕಂಡಿತು. ಕಾರು ನಿಲ್ಲಿಸಿದೆವು. ಒಳಗೆ ಹಾಡು ಜೋರಾಗಿ ಹಚ್ಚಿದ್ದೆವು, ಯಾರೂ ಆರಿಸಲಿಲ್ಲ. ನಾನೇ ಉತ್ಸಾಹದಿಂದ ಬಾಗಿಲು ದಡ್ಡೆಂದು ಹಾಕಿ, “ಅಲ್ನೋಡ್ರೋ, ಚಿಗರಿ!” ಎಂದು ಕೂಗಿದೆ. ಕ್ಷಣದಲ್ಲಿ ಹಿಂಡು ಚಂಗನೆ ನೆಗೆಯಿತು. ಬಯಲಿನ ಕಡೆ ಓಡಿದ್ದರೆ ಚಿಂತೆ ಇರಲಿಲ್ಲ. ಎರಡು ಚಿಗರಿ ಬೇರೆಯಾಗಿ ನಮ್ಮ ಮುಂದೆಯೇ ರಸ್ತೆ ದಾಟಿದವು. ಎದುರಿನಿಂದ ಬರುತ್ತಿದ್ದ ಟ್ರ್ಯಾಕ್ಟರಿನವನು ಬ್ರೇಕ್ ಹಾಕಿದ್ದರಿಂದ ಉಳಿದುಕೊಂಡವು.

“ಯಜಮಾನ್ರ, ನೋಡಾಕ ಬಂದೀರೋ, ಬೆದರ್ಸಾಕ ಬಂದೀರೋ?” ಎಂದು ಆತ ಕೇಳಿದಾಗ ತಲೆ ತಗ್ಗಿಸಿದೆ.

ಮೊಮ್ಮಗ ಮನೆಗೆ ಬರುವವರೆಗೂ ಮಾತಾಡಲಿಲ್ಲ. ರಾತ್ರಿ ಮಲಗುವಾಗ ಕೇಳಿದ: “ಕಾಡು ಬಾ ಅಂತೈತಿ ಅಂದಿ. ಮತ್ತ ಅವು ಯಾಕ ಓಡಿದ್ವು ಅಜ್ಜ?”

ಆಮೇಲೆ ತಿಳಿದುಕೊಂಡೆ. ತಾಯಿ ಚಿಗರಿ ತನ್ನ ಎಳೆಮರಿಯನ್ನು ಹುಲ್ಲಿನಲ್ಲಿ ಅಡಗಿಸಿ ಮೇಯಲು ಹೋಗುತ್ತದೆ. ನಾವು ಅಡ್ಡಾದಿಡ್ಡಿ ನುಗ್ಗಿದರೆ, ಜೊತೆಗೆ ನಾಯಿಯನ್ನೂ ಕರೆದೊಯ್ದರೆ, ಆ ಮರಿಯ ಪಾಡು ಹೇಳುವಂತಿಲ್ಲ. ಅದಕ್ಕೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಭಯಾರಣ್ಯದ ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅದು ನಮ್ಮ ವ್ಯಾಯಾಮದ ಮೈದಾನವಲ್ಲ, ಅವುಗಳ ಮನೆ.

ಇನ್ನೆರಡು ಮಾತು

ರಾಣೆಬೆನ್ನೂರು ಕಡೆಯ ಒಬ್ಬ ರೈತರು ಹೇಳಿದ ಮಾತನ್ನೂ ಬರೆಯಬೇಕು. “ನಿಮಗ ಚಿಗರಿ ನೋಡಾಕ ಚಂದ. ನಮಗ ರಾತ್ರಿ ನಿದ್ದಿಗೇಡು. ಗೋವಿನಜೋಳದ ಸುಳಿ ಬಂತಂದ್ರ ಹಿಂಡು ಬಂದು ಮೇದು ಹೋಗತಾವ.” ಕಾಡಿನ ಅಂಚಿನಲ್ಲಿ ಹೊಲ ಇರುವವರಿಗೆ ಕಾಡು ವಿಶ್ರಾಂತಿಯ ಜಾಗವಲ್ಲ, ಕಾವಲಿನ ಜಾಗ. ಅಷ್ಟಾದರೂ ಆ ರೈತರು ಚಿಗರಿಗೆ ಕಲ್ಲು ಬೀರುವುದಿಲ್ಲ, ತಗಡಿನ ಡಬ್ಬಿ ಬಡಿದು ಓಡಿಸುತ್ತಾರೆ. ಅವರ ಹೊಲ ತುಳಿದು ಫೋಟೊ ತೆಗೆಯುವ ನಮ್ಮಂಥವರಿಗಿಂತ ಅವರ ತಾಳ್ಮೆ ದೊಡ್ಡದು.

ಹಾವೇರಿಯ ಒಬ್ಬ ನಿವೃತ್ತ ಶಿಕ್ಷಕಿಯದು ಬೇರೆಯೇ ಕಾರಣ: “ನನಗ ಹಾವಿನ ಹೆದರಿಕಿ ಇಲ್ಲ ಸರ್. ಗಿಡದ ಬುಡಕ್ಕ ಬಾಟಲಿ ಹಿಡಕೊಂಡು ಕುಂತೋರ ಹೆದರಿಕಿ.” ಹೆಣ್ಣುಮಕ್ಕಳು ಮರಗಳ ನಡುವೆ ನಿಶ್ಚಿಂತೆಯಿಂದ ನಡೆಯಬೇಕಾದರೆ ಗಂಡಸರು ತಿದ್ದಿಕೊಳ್ಳಬೇಕಾದದ್ದು ಬಹಳವಿದೆ. ಆಕೆ ಈಗ ನಾಲ್ಕು ಗೆಳತಿಯರನ್ನು ಸೇರಿಸಿಕೊಂಡು ಹೆಗ್ಗೇರಿ ಕೆರೆಯ ಕಡೆ ಬೆಳಗಿನ ನಡಿಗೆ ಹೋಗುತ್ತಾರೆ.

ಹೊರಗಿನವರು ಏನು ಮಾಡುತ್ತಾರೆ?

ಜಪಾನಿನಲ್ಲಿ ‘ಶಿನ್ರಿನ್ ಯೋಕು’ ಎಂಬ ಪದ್ಧತಿ ಇದೆ. ಅರ್ಥ, ಕಾಡಿನ ಸ್ನಾನ. ನೀರಿಲ್ಲ, ಸಾಬೂನಿಲ್ಲ. ಮರಗಳ ನಡುವೆ ನಿಧಾನವಾಗಿ ನಡೆಯುತ್ತ, ನೋಡುತ್ತ, ಕೇಳುತ್ತ, ವಾಸನೆ ಹೀರುತ್ತ ಇರುವುದು. ಅಲ್ಲಿನ ಸರಕಾರದ ಅರಣ್ಯ ಸಂಸ್ಥೆಯೇ 1982ರಲ್ಲಿ ಈ ಹೆಸರಿಟ್ಟು ಜನರನ್ನು ಕಾಡಿಗೆ ಕರೆಯಿತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ 1968ರಲ್ಲಿ ಕಾಡಿನ ದಾರಿಯುದ್ದಕ್ಕೂ ಅಲ್ಲಲ್ಲಿ ವ್ಯಾಯಾಮದ ತಾಣಗಳನ್ನು ಮಾಡಿದರು. ಸ್ವಲ್ಪ ಓಡಬೇಕು, ನಿಂತು ಬಸ್ಕಿ ಹೊಡೆಯಬೇಕು, ಮತ್ತೆ ಓಡಬೇಕು. ಈಗ ಆ ದೇಶದ ತುಂಬ ಇಂಥ ದಾರಿಗಳಿವೆ. ಫಿನ್ಲೆಂಡಿನಲ್ಲಿ ಕಾಡು ಯಾರದೇ ಒಡೆತನದಲ್ಲಿದ್ದರೂ ಅಲ್ಲಿ ನಡೆದಾಡುವ, ಕಾಡುಹಣ್ಣು ಆರಿಸುವ ಹಕ್ಕು ಎಲ್ಲರಿಗೂ ಇದೆ. ಹಾನಿ ಮಾಡಬಾರದು, ತೊಂದರೆ ಕೊಡಬಾರದು ಎಂಬುದೇ ನಿಯಮ.

ಅಮೆರಿಕದ ರೋಜರ್ ಉಲ್ರಿಚ್ ಎಂಬ ವಿಜ್ಞಾನಿ 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ರೋಗಿಗಳಲ್ಲಿ 23 ಮಂದಿಗೆ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಇನ್ನು 23 ಮಂದಿಗೆ ಇಟ್ಟಿಗೆ ಗೋಡೆ ಕಾಣುತ್ತಿತ್ತು. ಮರ ಕಾಣುತ್ತಿದ್ದವರು ಸ್ವಲ್ಪ ಬೇಗ ಮನೆಗೆ ಹೋದರು, ಅವರಿಗೆ ತೀವ್ರ ನೋವಿನ ಔಷಧಿಯೂ ಕಡಿಮೆ ಸಾಕಾಯಿತು. ಕಿಟಕಿಯಿಂದ ನೋಡಿದರೇ ಇಷ್ಟಾದರೆ, ಮರದ ಕೆಳಗೆ ನಡೆದರೆ?

ನಡಿಗೆ ಎಷ್ಟು ಬೇಕು ಎಂಬುದಕ್ಕೂ ಲೆಕ್ಕವಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಬೇಕು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಬೀಳದಂತೆ ಸಮತೋಲ ಕಾಯುವ ವ್ಯಾಯಾಮವನ್ನೂ ಮಾಡಬೇಕು. ಮಕ್ಕಳೇ, ಈ ಲೆಕ್ಕದಲ್ಲಿ ಅಜ್ಜನಿಗಿಂತ ನಿಮ್ಮ ಸಾಲವೇ ಹೆಚ್ಚು!

ನಮ್ಮ ಸುತ್ತ ಎಲ್ಲಿಗೆ?

ಜಪಾನಿಗೆ ಹೋಗಬೇಕಿಲ್ಲ. ದಿನದ ನಡಿಗೆಗೆ ಕೆರೆ ಏರಿ, ಸಾಲುಮರದ ರಸ್ತೆ, ಊರ ಹೊರಗಿನ ತೋಪು, ಗುಡಿಯ ಸುತ್ತಲಿನ ಮರಗಳೇ ಸಾಕು. ಬ್ಯಾಡಗಿಯ ನನ್ನ ಗೆಳೆಯ ಒಬ್ಬರು ಮೆಣಸಿನಕಾಯಿ ವ್ಯಾಪಾರದವರು. ಸುಗ್ಗಿಯಲ್ಲಿ ಮಾರುಕಟ್ಟೆ ತುಂಬ ಕೆಂಪು ರಾಶಿ, ಊರ ತುಂಬ ಘಾಟು, ಸೀನು ತಪ್ಪಿದ್ದಲ್ಲ. “ವಾರಕ್ಕೊಮ್ಮೆ ಕಾಗಿನೆಲೆ ಕಡೆ ಹೋಗಿ ಗಿಡದ ಕೆಳಗ ಕುಂತು ಉಸಿರು ತೊಗೊಂಡು ಬರ್ತೀನಿ. ಅದ ನನಗ ಗುಳಿಗಿ” ಎನ್ನುತ್ತಾರೆ. ಕನಕದಾಸರ ಕಾಗಿನೆಲೆ ಬ್ಯಾಡಗಿ ತಾಲ್ಲೂಕಿನಲ್ಲೇ ಇದೆ.

ರಜೆಯ ದಿನ ಹಾವೇರಿಯಿಂದ ಬಂಕಾಪುರಕ್ಕೆ ಹೋಗಬಹುದು. ಹಳೆಯ ಕೋಟೆಯೊಳಗೆ 139 ಎಕರೆ ಜಾಗದಲ್ಲಿ ನವಿಲುಧಾಮವಿದೆ. 2006ರಲ್ಲಿ ಇದನ್ನು ನವಿಲುಗಳಿಗಾಗಿ ಮೀಸಲಿಟ್ಟರು. ಕೋಟೆಯೊಳಗೇ ನಗರೇಶ್ವರ ದೇವಾಲಯವಿದೆ, ಜನ ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಅಜ್ಜ ಅಜ್ಜಿಯರು ಕಂಬದ ನೆರಳಲ್ಲಿ ಕೂರಬಹುದು, ಮಕ್ಕಳು ಕಂಬ ಎಣಿಸಬಹುದು.

ಹೊರಡುವ ಮುನ್ನ ನಾನು ಪೆಟ್ಟು ತಿಂದು ಕಲಿತ ಕೆಲವು ನಿಯಮಗಳು:

• ಒಬ್ಬರೇ ಹೋಗಬೇಡಿ. ಅಜ್ಜನಿಗೆ ಮೊಮ್ಮಕ್ಕಳ ಕಣ್ಣು, ಮೊಮ್ಮಕ್ಕಳಿಗೆ ಅಜ್ಜನ ಅನುಭವ ಜೊತೆಗಿರಲಿ.

• ಕಾಲಿಗೆ ಬೂಟು, ಕೈಯಲ್ಲಿ ಕೋಲು. ಹುಲ್ಲು ಇದ್ದಲ್ಲಿ ಕೋಲಿನಿಂದ ನೆಲ ತಟ್ಟುತ್ತ ನಡೆಯಿರಿ, ಹಾವು ತಾನೇ ಸರಿದು ಹೋಗುತ್ತದೆ. ಕಾಣದ ಪೊಟರೆಗೆ, ಕಲ್ಲಿನ ಸಂದಿಗೆ ಕೈ ಹಾಕಬೇಡಿ.

• ಸಕ್ಕರೆ ಕಾಯಿಲೆ ಇದ್ದವರು ಬರಿ ಹೊಟ್ಟೆಯಲ್ಲಿ ದೂರ ಹೋಗಬಾರದು. ನೀರು, ಒಂದು ತುಂಡು ಬೆಲ್ಲ ಕಿಸೆಯಲ್ಲಿರಲಿ.

• ಮನೆಗೆ ಬಂದ ಮೇಲೆ ಕಾಲು ತೊಳೆದು, ಉಣ್ಣೆ ಹತ್ತಿದೆಯೇ ನೋಡಿಕೊಳ್ಳಿ. ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಯಿಂದಲೇ ಹರಡುತ್ತದೆ. ಮಲೆನಾಡಿನ ಕಡೆ ಮಂಗ ಸತ್ತುಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

• ಹಾಡು, ಕೂಗು, ಹಾರ್ನ್ ಬೇಡ. ನಾಯಿ ಬೇಡ. ಪ್ರಾಣಿಗಳಿಗೆ ತಿಂಡಿ ಹಾಕಬೇಡಿ. ಒಯ್ದ ಪ್ಲಾಸ್ಟಿಕ್ಕನ್ನೆಲ್ಲ ವಾಪಸ್ ತನ್ನಿ.

• ಸಿಕ್ಕ ಹಣ್ಣನ್ನೆಲ್ಲ ತಿನ್ನಬೇಡಿ. ಅಜ್ಜಿಗೆ ತೋರಿಸಿ ಹೆಸರು ಕೇಳಿ.

ಕೊನೆಯ ನಿಯಮದಿಂದ ನಮ್ಮ ಮನೆಯಲ್ಲಿ ಒಂದು ಚಮತ್ಕಾರ ಆಯಿತು. ಅಡ್ಡಾಡಲು ಬರುವುದಿಲ್ಲ ಎಂದಿದ್ದ ನನ್ನ ಹೆಂಡತಿ ಈಗ ಎಲ್ಲರಿಗಿಂತ ಮುಂದೆ ನಡೆಯುತ್ತಾಳೆ. ಇದು ತಂಗಡಿ, ಇದು ಕಕ್ಕಿ, ಇದರ ಕಟ್ಟಿಗೆ ಬೇಗ ಉರಿಯುತ್ತದೆ, ಅದರ ಹೊಗೆ ಕಣ್ಣಿಗೆ ಕೆಟ್ಟದ್ದು ಎಂದು ಹೇಳುತ್ತ ಹೋಗುತ್ತಾಳೆ. ಹೊರೆ ಹೊತ್ತ ದಿನಗಳು ಅವಳಿಗೆ ಇಷ್ಟು ಕಲಿಸಿದ್ದವೆಂದು ನಾನು ಇಷ್ಟು ವರ್ಷ ಕೇಳಿಯೇ ಇರಲಿಲ್ಲ. ಮೊಮ್ಮಗ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾನೆ. ಮೂವತ್ತು ಗಿಡಗಳ ಹೆಸರು ಆಗಿದೆ.

ಎರಡನೇ ಸಲ

ಕಳೆದ ತಿಂಗಳು ಮತ್ತೆ ರಾಣೆಬೆನ್ನೂರಿಗೆ ಹೋದೆವು. ಈ ಸಲ ಅನುಮತಿ ಪಡೆದು, ಅರಣ್ಯ ರಕ್ಷಕರೊಬ್ಬರ ಜೊತೆಗೆ. ಫೋನು ಬಂದ್. ಒಂದು ಕಡೆ ಗಿಡದ ನೆರಳಲ್ಲಿ ಅವರು ನಮ್ಮನ್ನು ಕೂರಿಸಿದರು. ಹತ್ತು ನಿಮಿಷ ಏನೂ ಆಗಲಿಲ್ಲ. ಮೊಮ್ಮಗಳು ಆಕಳಿಸಿದಳು. ಆಮೇಲೆ ದೂರದ ಹುಲ್ಲಿನಲ್ಲಿ ಒಂದು ಕೋಡು, ಇನ್ನೊಂದು ಕೋಡು, ನಂತರ ಇಡೀ ಹಿಂಡು. ತಲೆ ಎತ್ತಿ ನಮ್ಮ ಕಡೆ ನೋಡಿದವು, ಮತ್ತೆ ಮೇಯತೊಡಗಿದವು.

ಮೊಮ್ಮಗ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: “ಅಜ್ಜ, ಈ ಸಲ ಓಡಲಿಲ್ಲ.”

ಅವನ ಗಾದೆಯ ಪುಟದಲ್ಲಿ ಅರ್ಥ ಬರೆಯುವ ಜಾಗ ಅಷ್ಟು ದಿನ ಖಾಲಿ ಇತ್ತು. ಅಂದು ರಾತ್ರಿ ತುಂಬಿಸಿದ: ‘ಕಾಡು ಕರೆದಾಗ ಅಜ್ಜನ ಜೋಡಿ ಹೋಗಬೇಕು. ಗದ್ದಲ ಮಾಡಬಾರದು.’

ನಿಜವಾದ ಅರ್ಥವನ್ನು ನಾನಿನ್ನೂ ಹೇಳಿಲ್ಲ. ಈ ಲೇಖನ ಓದಿದರೆ ಅವನಿಗೇ ತಿಳಿಯುತ್ತದೆ. ತಿಳಿಯಲಿ ಬಿಡಿ. ನಾಳೆ ಬೆಳಿಗ್ಗೆ ಆರಕ್ಕೆ ಕೆರೆ ಏರಿಯ ಮೇಲೆ ನಮ್ಮ ನಡಿಗೆ ಇದ್ದೇ ಇದೆ.